ಹರಿದ ನೆಟ್ಟಿನ ವಿಚಾರ
(ಶಹಾಡಿನಲ್ಲಿ ಸೇರಿದ್ದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಇಂದು ತೀರ್ಮಾನವಾಗಬೇಕಾದದ್ದು ನೋಡಲಿಕ್ಕೆ ಸಣ್ಣ ವಿಷಯ. ನಮ್ಮ ವಾಲಿಬಾಲ್ ನೆಟ್ಟು ಹರಿದಿದೆ. ಮೇಲಿನ ಬಿಳಿ ಕ್ಯಾನ್ವಾಸು ಪಟ್ಟಿ ನಟ್ಟನಡುವೆ ಒಂದು ಮೊಳ ಸೀಳಿದೆ. ಅದರ ಕೆಳಗೆ ಐದಾರು ಕಣ್ಣುಗಳು ಕಿತ್ತು ಹೋಗಿವೆ. ಬಿಸಾಡಿ ಹೊಸದು ತರೋಣವೆಂದು ಕೆಲವರ ಅಭಿಪ್ರಾಯ. ಒಬ್ಬ ದಾನಿಗಳು ನೆಟ್ಟು, ಚೆಂಡು, ಹನ್ನೆರಡು ಅಂಗಿಗಳನ್ನು ಪುಕ್ಕಟೆ ಕೊಡಲು ಸಿದ್ಧರಿದ್ದಾರೆಂದೂ ಸುದ್ದಿ ಬಂದಿದೆ. ಅಂಗಿಯ ಬೆನ್ನ ಮೇಲೆ ಮಾತ್ರ ಅವರ ಹೆಸರಿರಬೇಕಂತೆ. ಈ ನೆಟ್ಟನ್ನು ನಾವೇ ಸರಿಮಾಡಬಹುದು, ಮಾಡಬೇಕು ಎಂದು ಹೇಳಲಿಕ್ಕೆ ನಾವು ಎದ್ದು ನಿಂತಿದ್ದೇವೆ.

ಹೋಟೆಲಿನವನಿಗೆ ಬಿಡುವು ಯಾವಾಗ? ಊಟದ ಗಿರಾಕಿ ಇಳಿದ ಮೇಲೆ, ಸಂಜೆಯ ಚಹಾದ ಗಿರಾಕಿ ಏರುವ ಮೊದಲು. ಮೂರರಿಂದ ಐದು. ಆ ಹೊತ್ತಿನಲ್ಲಿ ಕ್ರಿಕೆಟ್ ಮುಗಿಯುವುದಿಲ್ಲ. ಕಾರ್ಖಾನೆಯವರಿಗೋ ಪಾಳಿಯ ಕೆಲಸ. ಬೆಳಗಿನ ಪಾಳಿ ಬಿಟ್ಟವರು ಅದೇ ವೇಳೆಗೆ ಸಿಗುತ್ತಾರೆ. ಎರಡು ಕಂಬ, ಒಂದು ನೆಟ್ಟು, ಒಂದು ಚೆಂಡು ಇದ್ದರೆ ಹನ್ನೆರಡು ಮಂದಿ ಆಡಬಹುದು. ಈ ಆಟ ಹುಟ್ಟಿದ್ದೂ ಕಾಗದದ ಗಿರಣಿಗಳ ಒಂದು ಊರಿನಲ್ಲಿಯೇ. 1895ರಲ್ಲಿ ಅಮೇರಿಕದ ಹೋಲಿಯೋಕ್ ಎಂಬಲ್ಲಿ ವಿಲಿಯಂ ಮಾರ್ಗನ್ ಎಂಬವರು ಟೆನಿಸ್ ನೆಟ್ಟನ್ನೇ ಆರೂವರೆ ಅಡಿ ಎತ್ತರಕ್ಕೆ ಕಟ್ಟಿ ಇದನ್ನು ಆಡಿಸಿದರು. ಇದ್ದದ್ದರಲ್ಲೇ ಕೆಲಸ ಸಾಗಿಸಿದರು. (ಆಡಿದವರು ಗಿರಣಿಯ ಕೂಲಿಗಳಲ್ಲ, ವ್ಯಾಪಾರಸ್ಥರು, ಆ ಮಾತು ಬೇರೆ.)

ದಾನಿಗಳ ಮೇಲೆ ನಮಗೆ ದ್ವೇಷವಿಲ್ಲ. ಆದರೆ ಬೆನ್ನ ಮೇಲೆ ಹೆಸರು ಹೊತ್ತವನನ್ನು ನಾಳೆ ಆ ಹೆಸರಿನ ಮೆರವಣಿಗೆಗೂ ಕರೆಯುತ್ತಾರೆ. ಆಗ ಬೇಡವೆನ್ನುವ ಬಾಯಿ ಎಲ್ಲಿರುತ್ತದೆ? ಮೆರವಣಿಗೆ ನಡೆಯುವುದು ನಮ್ಮ ರಜೆಯ ದಿನವೇ. ಹೋಟೆಲಿನವರಿಗೆ ವಾರಕ್ಕೊಂದು ರಜೆ ಕೊಡಬೇಕೆಂದು 1948ರ ಮುಂಬಯಿ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಯಲ್ಲಿ ಬರೆಯಲಾಯಿತು. 2017ರಲ್ಲಿ ಬಂದ ಮಹಾರಾಷ್ಟ್ರದ ಕಾಯಿದೆಯಲ್ಲಿಯೂ ವಾರದ ರಜೆ ಉಳಿದಿದೆ. ಅದನ್ನು ಒಂದು ಅಂಗಿಗೆ ಒತ್ತೆ ಇಡಬೇಕೇ?

ಇನ್ನು ನೆಟ್ಟಿನ ಕೆಲಸಕ್ಕೆ ಬರೋಣ. ನಿಯಮದ ಪ್ರಕಾರ ನೆಟ್ಟು ಒಂದು ಮೀಟರು ಅಗಲ, ಒಂಬತ್ತೂವರೆಯಿಂದ ಹತ್ತು ಮೀಟರು ಉದ್ದ. ಕಣ್ಣು 10 ಸೆಂಟಿಮೀಟರಿನ ಚೌಕ. ಮೇಲಿನ ಪಟ್ಟಿ, ಎರಡು ಪದರ ಮಡಿಸಿದ ಕ್ಯಾನ್ವಾಸು, 7 ಸೆಂಟಿಮೀಟರು. ಇದರಲ್ಲಿ ನಮ್ಮ ಕೈಗೆ ಮೀರಿದ್ದು ಯಾವುದೂ ಇಲ್ಲ.

ಮೊದಲು ಕಣ್ಣುಗಳು. ನಮ್ಮಲ್ಲಿ ಮಲ್ಪೆ, ಗಂಗೊಳ್ಳಿ, ಉಳ್ಳಾಲದ ಕಡೆಯ ತಮ್ಮಂದಿರಿದ್ದಾರೆ. ಮನೆಯ ಜಗಲಿಯಲ್ಲಿ ಅಜ್ಜ ಹರಿದ ಬಲೆ ಹರವಿಕೊಂಡು ಕೂತದ್ದನ್ನು ಕಂಡು ಬೆಳೆದವರು. ಇನ್ನೊಂದು ಕಡೆ ಮುಂಬಯಿ ಗಿರಣಿಗಳ ವೈಂಡಿಂಗ್ ಖಾತೆಯಲ್ಲಿ ದುಡಿದು, 1982ರ ಮುಷ್ಕರದ ನಂತರ ಕಲ್ಯಾಣ, ಭಿವಂಡಿಯ ಕಡೆ ಬಂದು ನೆಲೆಸಿದ ಅಣ್ಣಂದಿರಿದ್ದಾರೆ. ಹೋದ ವಾರ ಇಬ್ಬರನ್ನೂ ಎದುರುಬದುರು ಕೂರಿಸಿ, ನಿಮ್ಮ ನಿಮ್ಮ ಗಂಟು ಹಾಕಿ ತೋರಿಸಿರಿ ಎಂದೆವು. ಬಲೆಯವನ ಗಂಟು, ಮುರಿದ ನೂಲನ್ನು ಕೂಡಿಸುವ ನೇಕಾರರ ಗಂಟು, ಎರಡೂ ಒಂದೇ! ಒಂದು ದಾರವನ್ನು ಮಡಿಸಿ ಕುಣಿಕೆ ಮಾಡುವುದು. ಇನ್ನೊಂದನ್ನು ಕುಣಿಕೆಯ ಕೆಳಗಿನಿಂದ ಮೇಲೆ ತಂದು, ಅದರ ಎರಡೂ ಕಾಲುಗಳ ಹಿಂದಿನಿಂದ ಸುತ್ತಿಸಿ, ತನ್ನದೇ ಅಡಿಗೆ ಸಿಕ್ಕಿಸಿ ಎಳೆಯುವುದು. ಹಾಕುವ ಕೈಚಳಕ ಬೇರೆ, ಗಂಟು ಬೇರೆಯಲ್ಲ. ಈಗಿನ ಹೊಸ ಯಂತ್ರಗಳು ಗಾಳಿಯ ಒತ್ತಡದಿಂದಲೇ ನೂಲು ಕೂಡಿಸುತ್ತವೆ. ಹಾಗಾಗಿ ಈ ಗಂಟು ಬಲ್ಲ ಬೆರಳುಗಳು ಮುಂದೆ ಸಿಗುವುದು ಕಷ್ಟ. ಇರುವಾಗಲೇ ಕಲಿಯೋಣ.

ಬಲೆಯವರು ಹೇಳಿದ ಇನ್ನೊಂದು ಮಾತು ಬಹಳ ಉಪಯೋಗದ್ದು. ಹರಿದ ತೂತನ್ನು ಇದ್ದ ಹಾಗೆಯೇ ಕಟ್ಟಲು ಹೋಗಬಾರದು, ಮೊದಲು ಅದನ್ನು ಕತ್ತರಿಸಿ ದೊಡ್ಡದು ಮಾಡಬೇಕು. ಕೇಳಲು ವಿಚಿತ್ರ, ಆದರೆ ಕಾರಣವಿದೆ. ಕತ್ತರಿಸಿದ ಮೇಲೆ ಅಂಚಿನ ಗಂಟುಗಳಿಗೆಲ್ಲ ಎರಡೆರಡು ಕಾಲು ಉಳಿಯಬೇಕು. ಶುರುಮಾಡುವ ಗಂಟಿಗೆ ಮತ್ತು ಮುಗಿಸುವ ಗಂಟಿಗೆ ಮಾತ್ರ ಮೂರು ಮೂರು ಕಾಲು. ಹೀಗಿದ್ದರೆ ಒಂದೇ ದಾರದಲ್ಲಿ ಆ ತುದಿಯಿಂದ ಈ ತುದಿಗೆ ಕಡಿಯದೆ ಬರಬಹುದು. ಕಣ್ಣಿನ ಅಳತೆ ತಪ್ಪದಿರಲು 10 ಸೆಂಟಿಮೀಟರಿನ ಮರದ ಚೂರು ಒಂದನ್ನು ಕೈಯಲ್ಲಿಟ್ಟುಕೊಳ್ಳುವುದು.

ದಾರ ಯಾವುದು? ಶಹಾಡಿನವರಾದ ನಮಗೆ ಸೆಂಚುರಿ ರೇಯಾನಿನ ಹೆಸರು ಗೊತ್ತೇ ಇದೆ. ಮರದ ತಿರುಳಿನಿಂದ ತೆಗೆದ ಆ ನೂಲು ಸೀರೆಗೆ, ಅಂಗಿಗೆ ಚಂದ. ನೆಟ್ಟಿಗೆ ಬೇಡ. ಸಾಮಾನ್ಯ ರೇಯಾನು ಒದ್ದೆಯಾದಾಗ ಸುಮಾರು ಅರ್ಧ ಬಲವನ್ನು ಕಳೆದುಕೊಳ್ಳುತ್ತದೆ. ಹತ್ತಿ ಅದಕ್ಕೆ ವಿರುದ್ಧ, ಒದ್ದೆಯಾದರೆ ಗಟ್ಟಿ; ಆದರೆ ಒದ್ದೆಯಾಗಿಯೇ ಬಿಟ್ಟರೆ ಬೂಷ್ಟು ಹಿಡಿದು ಕೊಳೆಯುತ್ತದೆ. ಉಲ್ಹಾಸ್ ನದಿಯ ಕಡೆಯ ಮಳೆಗಾಲದಲ್ಲಿ ಯಾವುದು ತಾನೆ ಬೇಗ ಒಣಗುತ್ತದೆ? ನೈಲಾನು ಬಲವಾದದ್ದು, ಆದರೆ ಬಿಸಿಲಿಗೆ ಬೇಗ ಸೋಲುತ್ತದೆ. ಪಾಲಿಯೆಸ್ಟರ್ ದಾರ ಬಿಸಿಲು, ಮಳೆ ಎರಡನ್ನೂ ಹೆಚ್ಚು ತಾಳುತ್ತದೆ, ಅದನ್ನೇ ತರೋಣ. ಅದು ನುಣುಪು, ಗಂಟು ಜಾರಬಹುದು. ಆದುದರಿಂದ ಒಂದರ ಬದಲು ಎರಡು ಸುತ್ತು ಹಾಕಿ, ತುದಿಗೆ ಬೆಂಕಿಕಡ್ಡಿ ತೋರಿಸಬೇಕು.

ಕ್ಯಾನ್ವಾಸು ಪಟ್ಟಿಗೆ ತೇಪೆ. ಹೊಸ ದಪ್ಪ ಬಟ್ಟೆ ಹಾಕಿದರೆ ಅದು ಉಳಿಯುತ್ತದೆ, ಪಕ್ಕದ ಹಳೆಯದು ಹರಿಯುತ್ತದೆ. ಹಳೆಯದರಷ್ಟೇ ದಪ್ಪದ, ಒಮ್ಮೆ ತೊಳೆದು ಸೆಡೆದ ಬಟ್ಟೆ ಬೇಕು. ಉಲ್ಹಾಸನಗರದಲ್ಲಿ ಹೊಲಿಗೆಯೇ ದೊಡ್ಡ ಕಸುಬು. ಜೀನ್ಸಿನ ಚೂರು ಕೇಳಿದರೆ ಸಿಕ್ಕೀತು. ಸೀಳಿಗಿಂತ ಸುತ್ತಲೂ ಎರಡು ಬೆರಳು ದೊಡ್ಡದಾಗಿ ಕತ್ತರಿಸಿ, ಮೂಲೆಗಳನ್ನು ದುಂಡಗೆ ಮಾಡಿರಿ. ಚೂಪು ಮೂಲೆ ಮೊದಲು ಏಳುತ್ತದೆ. ದಾರಕ್ಕೆ ಜೇನುಮೇಣ ಉಜ್ಜಿ ಎರಡು ಸಾಲು ಹೊಲಿಗೆ. ತೀರ ಒತ್ತಾಗಿ ಚುಚ್ಚಬಾರದು, ತೂತುಗಳ ಸಾಲಿನ ಉದ್ದಕ್ಕೇ ಬಟ್ಟೆ ಸೀಳಿಬಿಡುತ್ತದೆ. ಕ್ರಿಕೆಟಿನ ಹಳೆಯ ಪ್ಯಾಡುಗಳಿಗೂ ಇದೇ ಕ್ರಮ; ಒಳಗಿನ ಬೆತ್ತದ ಕಡ್ಡಿ ಮುರಿದಿದ್ದರೆ ಮೊದಲು ಅದನ್ನು ತೆಗೆಯಿರಿ, ಇಲ್ಲದಿದ್ದರೆ ತೇಪೆಯನ್ನೂ ಚುಚ್ಚುತ್ತದೆ. ಹೊಸ ನಮೂನೆಯ ರೆಕ್ಸಿನ್ ಪ್ಯಾಡುಗಳನ್ನು ಚಪ್ಪಲಿ ಹೊಲಿಯುವವರ ಬಳಿ ಅಂಟು ಹಾಕಿಸುವುದೇ ಲೇಸು.

ಇನ್ನೊಂದು ಮಾತು ಹೇಳಲೇಬೇಕು. ನಾವು ಕಂಡ ಬೇರೊಂದು ತಂಡದಲ್ಲಿ ಕ್ಲೀನರ್ ಕೆಲಸದ ಒಬ್ಬ ತಮ್ಮನ ಉಂಗುರ ಸಿಕ್ಕಿ ನೆಟ್ಟು ಹರಿಯಿತು. ಪೂರ್ತಿ ಬೆಲೆ ಅವನೇ ಕೊಡಬೇಕೆಂದರು. ಊರಿಗೆ ಕಳಿಸುವ ಹಣದಲ್ಲಿ ಮುರಿದು ಕೊಟ್ಟ. ಮರುದಿನದಿಂದ ಆಟಕ್ಕೆ ಬರಲಿಲ್ಲ. ಅವನೊಬ್ಬನೇ ಅಲ್ಲ, ಪಾತ್ರೆ ತೊಳೆಯುವ ಹುಡುಗರು ಯಾರೂ ಬರಲಿಲ್ಲ; ಉಳಿದವರು ಗಲ್ಲಾದವರು, ಸಪ್ಲೈಯರುಗಳು. ನಮ್ಮ ನೆಟ್ಟು ಹರಿದದ್ದು ಯಾರಿಂದ ಎಂದು ಇಲ್ಲಿ ಯಾರೂ ಕೇಳುವುದು ಬೇಡ. ದಾರ, ಮೇಣ, ಬಟ್ಟೆಯ ಖರ್ಚು ಸಂಘದ ವಂತಿಗೆಯಿಂದ ಹೋಗಲಿ. ಉಂಗುರ ತೆಗೆದು ಆಡಬೇಕು, ಆಟ ಮುಗಿದೊಡನೆ ನೆಟ್ಟು ಇಳಿಸಬೇಕು, ಒದ್ದೆ ನೆಟ್ಟನ್ನು ಸುತ್ತಿಡಬಾರದು, ಇಷ್ಟು ಕಟ್ಟುಪಾಡು ಸಾಕು.

ನೆಟ್ಟನ್ನು ತೊಳೆದು ನೆರಳಿನಲ್ಲಿ ಒಣಹಾಕಿದ್ದೇವೆ. ಸಭೆ ಒಪ್ಪಿದರೆ ಮಂಗಳವಾರ ಮೂರು ಗಂಟೆಗೆ ಇದೇ ಜಾಗದಲ್ಲಿ ಕೆಲಸ ಶುರು. ದಬ್ಬಣ ಎರಡಿವೆ, ಇನ್ನೆರಡು ಬೇಕು. ಬಲೆ ಹೆಣೆಯುವ ಬಿದಿರಿನ ಸೂಜಿ ಯಾರ ಪೆಟ್ಟಿಗೆಯಲ್ಲಾದರೂ ಇದ್ದರೆ ತರಬೇಕು. ಬೆಳಗಿನ ಪಾಳಿಯವರು ಕೈ ತೊಳೆದುಕೊಂಡು ನೇರವಾಗಿ ಬನ್ನಿರಿ, ಚಹಾ ನಮ್ಮದು.