ಜಾಲಹಳ್ಳಿಯ ಇಟಲಿ ಕೈದಿಗಳು ಮತ್ತು ನಾವು

(ಪೀಣ್ಯದ ಕಾರ್ಮಿಕರ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)

ಈ ಪೀಣ್ಯದ ಪಕ್ಕದಲ್ಲೇ ಜಾಲಹಳ್ಳಿ ಇದೆ. 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಅಲ್ಲಿಗೆ ಬಂದದ್ದನ್ನು ನಾವೆಲ್ಲರೂ ಬಲ್ಲೆವು. ಅದಕ್ಕೆ ಹತ್ತು ಹನ್ನೆರಡು ವರ್ಷ ಮೊದಲು ಅದೇ ಜಾಲಹಳ್ಳಿಯ ಮುಳ್ಳುತಂತಿಯ ಬೇಲಿಯೊಳಗೆ ಇಟಲಿಯ ಯುದ್ಧಕೈದಿಗಳಿದ್ದರು ಎಂಬುದನ್ನು ಮಾತ್ರ ಮರೆತಿದ್ದೇವೆ. ಇಟಲಿಯ ರೈತನ ಮಗ, ಕೂಲಿಯ ಮಗ ನಮ್ಮ ರಾಗಿ ಹೊಲಗಳ ನಡುವೆ ಕೈದಿಯಾಗಿ ಬಂದು ಬಿದ್ದದ್ದು ಏಕೆ? ಈ ಪ್ರಶ್ನೆಗೆ ಉತ್ತರ ಹುಡುಕಿದರೆ ಇಟಲಿ ಸಾಮ್ರಾಜ್ಯದ ಕಥೆಯೆಲ್ಲ ಬಿಚ್ಚಿಕೊಳ್ಳುತ್ತದೆ.

ಆ ಸಾಮ್ರಾಜ್ಯ ಶುರುವಾದದ್ದು ಒಂದು ವ್ಯಾಪಾರದಿಂದ. 1869ರಲ್ಲಿ ರುಬಾತ್ತಿನೊ ಎಂಬ ಹಡಗು ಕಂಪನಿ ಕೆಂಪು ಸಮುದ್ರದ ದಡದಲ್ಲಿ ಅಸ್ಸಾಬ್ ಎಂಬ ಜಾಗವನ್ನು ಕೊಂಡಿತು. 1882ರಲ್ಲಿ ಸರ್ಕಾರ ಅದನ್ನು ವಶಕ್ಕೆ ತೆಗೆದುಕೊಂಡಿತು. 1885ರಲ್ಲಿ ಮಸ್ಸಾವ ಬಂದರು ಹೋಯಿತು. 1890ರಲ್ಲಿ ಎರಿಟ್ರಿಯ ಇಟಲಿಯ ವಸಾಹತು ಆಯಿತು. ಮೊದಲು ಕಂಪನಿ, ಹಿಂದೆಯೇ ಸೈನ್ಯ. ಈಸ್ಟ್ ಇಂಡಿಯಾ ಕಂಪನಿಯನ್ನು ಕಂಡ ನಮಗೆ ಇದು ಹೊಸ ವಿದ್ಯೆಯಲ್ಲ.

1889ರಲ್ಲಿ ಇಥಿಯೋಪಿಯದ ಮೆನೆಲಿಕ್ ದೊರೆಯೊಡನೆ ಒಂದು ಒಪ್ಪಂದವಾಯಿತು. ಬೇಕೆಂದರೆ ಇಟಲಿಯ ಮೂಲಕ ಇತರ ದೇಶಗಳೊಡನೆ ವ್ಯವಹರಿಸಬಹುದು ಎಂದು ಅಮ್ಹಾರಿಕ್ ಭಾಷೆಯ ಪ್ರತಿ ಹೇಳಿತು. ಇಟಲಿಯ ಮೂಲಕವೇ ವ್ಯವಹರಿಸಬೇಕು ಎಂದು ಇಟಲಿ ಭಾಷೆಯ ಪ್ರತಿ ಹೇಳಿತು. ಓದಲು ಬಾರದ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಸಾಹುಕಾರನ ಬುದ್ಧಿಯೇ ಇದು. ಮೆನೆಲಿಕ್ ಮೋಸವನ್ನು ಕಂಡುಹಿಡಿದನು. 1896ರ ಮಾರ್ಚ್ 1ರಂದು ಅದುವಾದಲ್ಲಿ ಇಥಿಯೋಪಿಯದ ಜನ ಇಟಲಿಯ ಸೈನ್ಯವನ್ನು ನುಚ್ಚುನೂರು ಮಾಡಿದರು.

1911ರಲ್ಲಿ ಇಟಲಿ ಲಿಬಿಯದ ಮೇಲೆ ಬಿತ್ತು. ವಿಮಾನದಿಂದ ಬಾಂಬು ಎಸೆಯುವ ಕೃತ್ಯವನ್ನು ಯುದ್ಧದಲ್ಲಿ ಮೊದಲು ಕಂಡ ನೆಲ ಅದು. ಮಕ್ಕಳಿಗೆ ಕುರಾನ್ ಕಲಿಸುತ್ತಿದ್ದ ಒಮರ್ ಮುಖ್ತಾರ್ ಎಂಬ ಮೇಷ್ಟರು ಪ್ರತಿಭಟನೆಯ ನಾಯಕರಾದರು. ಅವರಿಗೆ ಜನರ ನೆರವು ಸಿಗದಂತೆ ಸುಮಾರು ಒಂದು ಲಕ್ಷ ಜನರನ್ನು ಹೊರದಬ್ಬಿ ಬೇಲಿಯೊಳಗೆ ಕೂಡಿಹಾಕಿದರು. ಹತ್ತಾರು ಸಾವಿರ ಜನ ಸತ್ತರು. 1931ರ ಸೆಪ್ಟೆಂಬರ್ 16ರಂದು ಆ ಮುದುಕರನ್ನು ಗಲ್ಲಿಗೇರಿಸಿದರು.

ಇಷ್ಟರಲ್ಲಿ ಇಟಲಿಯ ಕಾರ್ಮಿಕನ ಗತಿ ಏನಾಗಿತ್ತು? 1926ರಲ್ಲಿ ಮುಸೊಲಿನಿ ಮುಷ್ಕರವನ್ನೇ ಅಪರಾಧ ಮಾಡಿದನು. 1927ರಲ್ಲಿ, ಮತ್ತೆ 1930ರಲ್ಲಿ ಕೂಲಿ ಕತ್ತರಿಸಿದನು. ಹಸಿದವನು ಸಂಬಳ ಕೇಳಿದರೆ ಆಫ್ರಿಕದ ಕಡೆ ಕೈ ತೋರಿಸಿದನು: ಭೂಮಿ ಅಲ್ಲಿದೆ, ಹೋಗಿ ಕಿತ್ತುಕೊಳ್ಳಿ! 1935ರ ಅಕ್ಟೋಬರ್ 3ರಂದು ಇಥಿಯೋಪಿಯದ ಮೇಲೆ ದಂಡೆತ್ತಿದನು. ಡಿಸೆಂಬರ್ 18ರಂದು ಇಟಲಿಯ ಹೆಂಗಸರಿಂದ ಮದುವೆಯುಂಗುರಗಳನ್ನು ಯುದ್ಧಕ್ಕೆಂದು ಕೇಳಿ ಪಡೆದರು. ಬಡವಳ ಬೆರಳಿನ ಚಿನ್ನ ಕರಗಿತು. ಇಥಿಯೋಪಿಯದ ಹಳ್ಳಿಗಳ ಮೇಲೆ ವಿಷಾನಿಲ ಸುರಿಯಿತು. ಅದನ್ನು ಬಳಸಿದ್ದು ನಿಜವೆಂದು ಇಟಲಿಯ ರಕ್ಷಣಾ ಇಲಾಖೆ ಒಪ್ಪಿಕೊಂಡದ್ದು 1996ರಲ್ಲಿ.

ಉಳಿದ ಸಾಮ್ರಾಜ್ಯಶಾಹಿಗಳು ಏನು ಮಾಡಿದರು? ಲೀಗ್ ಆಫ್ ನೇಷನ್ಸ್ ದಿಗ್ಬಂಧನ ಹಾಕಿತು, ಆದರೆ ಎಣ್ಣೆಯನ್ನು ಪಟ್ಟಿಯಿಂದ ಬಿಟ್ಟಿತು. ಸೂಯೆಜ್ ಕಾಲುವೆಯನ್ನು ಮುಚ್ಚಲಿಲ್ಲ. ಕಾಲುವೆ ಕಂಪನಿ ಇಟಲಿಯ ಹಡಗುಗಳಿಂದ ಸುಂಕ ಎಣಿಸಿಕೊಂಡಿತು. 1936ರ ಮಾರ್ಚಿನಲ್ಲಿ ರೋಮಿನ ಮೂಲಕ ಬರುತ್ತಿದ್ದ ಜವಾಹರಲಾಲರು ಮುಸೊಲಿನಿಯ ಭೇಟಿಯನ್ನು ನಿರಾಕರಿಸಿದರು. ಗುಲಾಮ ದೇಶದ ನಾಯಕ ತೋರಿದ ಮರ್ಯಾದೆಯನ್ನು ಲಂಡನ್ನೂ ಪ್ಯಾರಿಸ್ಸೂ ತೋರಲಿಲ್ಲ.

ಲೆಕ್ಕ ಚುಕ್ತಾ ಆದದ್ದು ಮಹಾಯುದ್ಧದಲ್ಲಿ. 1940ರ ಡಿಸೆಂಬರಿನಿಂದ ಎರಡು ತಿಂಗಳಲ್ಲೇ ಉತ್ತರ ಆಫ್ರಿಕದಲ್ಲಿ ಇಟಲಿಯ ಲಕ್ಷಕ್ಕೂ ಮಿಕ್ಕ ಸೈನಿಕರು ಸೆರೆಯಾದರು. 1941ರ ಮಾರ್ಚಿನಲ್ಲಿ ಎರಿಟ್ರಿಯದ ಕೆರೆನ್ ಬೆಟ್ಟಗಳನ್ನು ಗೆದ್ದವರಲ್ಲಿ ಭಾರತದ 4ನೇ ಮತ್ತು 5ನೇ ಡಿವಿಷನ್ನಿನ ಜವಾನರೇ ಮುಂದು. ಸಾವಿರಾರು ಕೈದಿಗಳನ್ನು ಹಡಗಿನಲ್ಲಿ ನಮ್ಮ ದೇಶಕ್ಕೆ ತಂದು ಯೋಲ್, ಭೋಪಾಲ್, ಡೆಹ್ರಾಡೂನ್, ಬೆಂಗಳೂರುಗಳಲ್ಲಿ ಇಟ್ಟರು. ಆಫ್ರಿಕದಲ್ಲಿ ಜಮೀನು ಸಿಗುತ್ತದೆಂದು ನಂಬಿಸಲಾಗಿದ್ದವನಿಗೆ ಜಾಲಹಳ್ಳಿಯಲ್ಲಿ ಸಿಕ್ಕಿದ್ದು ಒಂದು ಮಂಚದಗಲದ ಜಾಗ!

ಇಥಿಯೋಪಿಯವನ್ನು ಬಿಡಿಸಿದ ನಮ್ಮ ಜವಾನನಾದರೂ ಸ್ವತಂತ್ರನಾಗಿದ್ದನೇ? ಹೇಲ್ ಸೆಲಾಸ್ಸಿ 1941ರ ಮೇ 5ರಂದು ತನ್ನ ರಾಜಧಾನಿಗೆ ಮರಳಿದನು. ಇಲ್ಲಿ ಸ್ವಾತಂತ್ರ್ಯ ಕೇಳಿದ ಈಸೂರಿನ ಐವರನ್ನು 1943ರ ಮಾರ್ಚಿನಲ್ಲಿ ನೇಣಿಗೆ ಹಾಕಿದರು. ಬೇಲಿಯ ಒಳಗಿದ್ದವನೂ ಬಡವ, ಹೊರಗೆ ಕಾವಲು ನಿಂತವನೂ ಬಡವ. ಇಬ್ಬರನ್ನೂ ಬೇರೆ ಯಾರೋ ಆಳುತ್ತಿದ್ದರು.

1947ರ ಪ್ಯಾರಿಸ್ ಒಪ್ಪಂದದಲ್ಲಿ ಇಟಲಿ ವಸಾಹತುಗಳನ್ನು ಬಿಟ್ಟುಕೊಟ್ಟಿತು. ಅಕ್ಸುಮಿನಿಂದ ಹೊತ್ತೊಯ್ದ ಶಿಲಾಸ್ತಂಭವನ್ನು ಹಿಂದಿರುಗಿಸಿದ್ದು 2005ರಲ್ಲಿ. ಕಲ್ಲು ಮರಳಿತು, ಸತ್ತವರು ಮರಳಲಿಲ್ಲ.

ಸಂಗಾತಿಗಳೇ, ಮುಸೊಲಿನಿ ಹೋದರೂ ಅವನ ತಂತ್ರ ಹೋಗಿಲ್ಲ. ಇಂದು ಪೀಣ್ಯದ ಶೆಡ್ಡುಗಳಲ್ಲಿ ಕಂತ್ರಾಟು ಕೂಲಿಗೆ ದುಡಿಯುವ ಒಡಿಶಾ, ಬಿಹಾರದ ಹುಡುಗನನ್ನು ತೋರಿಸಿ, ನಿಮ್ಮ ಅನ್ನ ಕಸಿದವನು ಇವನೇ ಎನ್ನುವವರಿದ್ದಾರೆ. ಅವರನ್ನು ಒಂದೇ ಪ್ರಶ್ನೆ ಕೇಳೋಣ: ಅವನಿಗೆ ಕಡಿಮೆ ಕೂಲಿ ಕೊಟ್ಟು, ಆ ಉಳಿತಾಯವನ್ನು ಜೇಬಿಗಿಳಿಸಿದವನು ಯಾರು? ಇಟಲಿಯ ಕಾರ್ಮಿಕ ಇಂಥ ಪ್ರಶ್ನೆ ಕೇಳದಂತೆ ಅವನ ಬಾಯಿ ಕಟ್ಟಿದ್ದರು. ನಮ್ಮ ಬಾಯಿ ಇನ್ನೂ ಕಟ್ಟಿಲ್ಲ. ಆ ಹುಡುಗನನ್ನೂ ನಮ್ಮ ಸಂಘಕ್ಕೆ ಕರೆತರೋಣ. ಸರಿಸಮ ಕೂಲಿಯನ್ನು ಒಟ್ಟಿಗೆ ಕೇಳೋಣ.