ಮರಿಗಳಿಲ್ಲದ ದ್ವೀಪ



ಜಪಾನಿನ ಸೆಟೊ ಒಳಗಡಲಿನಲ್ಲಿ ಆವೊಶಿಮಾ ಎಂಬ ಪುಟ್ಟ ದ್ವೀಪವಿದೆ. ಎಹಿಮೆ ಪ್ರಾಂತ್ಯದ ನಾಗಹಾಮಾ ಬಂದರಿನಿಂದ ದೋಣಿಯಲ್ಲಿ ಸುಮಾರು 35 ನಿಮಿಷದ ಹಾದಿ. ವಸಂತಕಾಲದಲ್ಲಿ ಆ ಕಡಲಿನದು ವಿಚಿತ್ರ ಹವೆ. ಮೋಡವಿರುವುದಿಲ್ಲ, ಬಿಸಿಲು ಕಣ್ಣು ಕುಕ್ಕುತ್ತದೆ, ಆದರೂ ತೆಳುವಾದ ಮಬ್ಬು ಕವಿದು ಆಚೆಯ ದಡ ಮಸುಕಾಗುತ್ತದೆ. ಅಂಥ ಬಿಸಿಲಿಗೆ ಮೈಯೊಡ್ಡಿ ದೋಣಿಕಟ್ಟೆಯ ತುಂಬ ಬೆಕ್ಕುಗಳು ಬಿದ್ದುಕೊಂಡಿರುತ್ತವೆ. ದೋಣಿ ಬಂತೆಂದರೆ ಬಾಲ ನೆಟ್ಟಗೆ ಮಾಡಿಕೊಂಡು ಓಡಿಬರುತ್ತವೆ.

ಹಿಂದೆ ಇದು ಬೂತಾಯಿ ಮೀನು ಹಿಡಿಯುವವರ ಊರು. ಮೀನುದೋಣಿಗಳಲ್ಲಿ ಇಲಿಗಳ ಕಾಟ ಹೆಚ್ಚಾಯಿತೆಂದು ಬೆಕ್ಕು ತಂದರು. 1945ರಲ್ಲಿ ಸುಮಾರು 900 ಜನರಿದ್ದರು. ಆಮೇಲೆ ದುಡಿಯುವ ವಯಸ್ಸಿನವರು ಪಟ್ಟಣದ ದಾರಿ ಹಿಡಿದರು. ಈ ಶತಮಾನದ ಎರಡನೆಯ ದಶಕಕ್ಕೆ ಉಳಿದವರು ಹತ್ತು ಹದಿನೈದು ಮುದುಕರು, ಬೆಕ್ಕುಗಳು ಮಾತ್ರ ನೂರು ದಾಟಿದ್ದವು. ಫೋಟೊಗಳು ಲೋಕವನ್ನೆಲ್ಲ ಸುತ್ತಿ ಪ್ರವಾಸಿಗರನ್ನು ಕರೆತಂದವು. ಅಲ್ಲಿ ಅಂಗಡಿಯಿಲ್ಲ, ವಸತಿಗೃಹವಿಲ್ಲ. ಬಂದವರು ಬೆಕ್ಕುಗಳಿಗೆ ತಿನ್ನಿಸಿ, ಮುದ್ದು ಮಾಡಿ, ಸಂಜೆಯ ದೋಣಿ ಹತ್ತುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಮರುದಿನ ಬೆಳಿಗ್ಗೆ ಹಸಿದ ಬೆಕ್ಕು ಹೋಗಿ ನಿಲ್ಲುವುದು ಯಾರದೋ ಅಜ್ಜಿಯ ಬಾಗಿಲಿಗೆ.

2018ರಲ್ಲಿ ಒಂದು ತೀರ್ಮಾನ ಜಾರಿಗೆ ಬಂತು. ದ್ವೀಪದ ಎಲ್ಲ ಬೆಕ್ಕುಗಳಿಗೂ ಸಂತಾನಹರಣ ಚಿಕಿತ್ಸೆ ಮಾಡಿಸಬೇಕೆಂದು. ಜನರಿಗೆ ವಯಸ್ಸಾಗುತ್ತಿದೆ, ಮುಂದೆ ನೋಡಿಕೊಳ್ಳುವವರಿಲ್ಲ ಎಂಬುದೇ ಕಾರಣ.

ಇದು ಕ್ರೌರ್ಯವಲ್ಲವೇ, ಒಂದು ಪ್ರಾಣಿಯ ವಂಶವನ್ನೇ ನಿಲ್ಲಿಸಲು ನಾವು ಯಾರು ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಆ ಬೆಕ್ಕುಗಳು ತಾವಾಗಿ ಈಜಿಕೊಂಡು ಬಂದವಲ್ಲ. ಮನುಷ್ಯ ತನ್ನ ಕೆಲಸಕ್ಕೆಂದು ತಂದವು. ಕೆಲಸ ಮುಗಿಯಿತು, ತಂದವರ ಮಕ್ಕಳು ಊರು ಬಿಟ್ಟರು. ತಟ್ಟೆಗೆ ಅನ್ನ ಹಾಕುವ ಕೈ ಇಲ್ಲದ ದಿನ ಬರುತ್ತದೆಂದು ಗೊತ್ತಿದ್ದೂ ಮರಿಗಳ ಆಟ ನೋಡುತ್ತ ಕೂರುವುದು ಸುಲಭವಿತ್ತು. ಮರಿಗಳ ಆಟಕ್ಕಿಂತ ಕಣ್ಣಿಗೆ ಹಿತವಾದದ್ದು ಇನ್ನೇನಿದೆ? ಆ ಹಿತವನ್ನು ಬಿಟ್ಟುಕೊಟ್ಟದ್ದನ್ನು ನಾನು ಪ್ರೀತಿಯ ಲೆಕ್ಕಕ್ಕೇ ಹಾಕುತ್ತೇನೆ. ಈಗ ಅಲ್ಲಿ ಬೆಕ್ಕುಗಳೂ ಮನುಷ್ಯರೂ ಒಟ್ಟಿಗೇ ಮುಪ್ಪಾಗುತ್ತಿದ್ದಾರೆ.

ನಮ್ಮ ಕಡೆಯ ರೂಢಿ ಗೊತ್ತೇ ಇದೆ. ಮನೆಬೆಕ್ಕು ಅಟ್ಟದ ಮೇಲೆ ಮರಿ ಹಾಕುತ್ತದೆ. ಮಕ್ಕಳು ಹೆಸರಿಡುತ್ತಾರೆ, ಹಾಲು ಕುಡಿಸುತ್ತಾರೆ. ಮರಿಗಳು ಸ್ವಲ್ಪ ದೊಡ್ಡವಾದವು ಎನ್ನುವಷ್ಟರಲ್ಲಿ ಹಿರಿಯರೊಬ್ಬರು ಗೋಣಿಚೀಲಕ್ಕೆ ತುಂಬಿ, ಸೈಕಲ್ಲಿಗೆ ಕಟ್ಟಿ, ಸಂತೆಮಾಳದ ಹತ್ತಿರ ಬಿಟ್ಟು ಬರುತ್ತಾರೆ. ಸಂತೆಯಲ್ಲಿ ಮೀನು ಸಿಗುತ್ತದೆ, ಹೇಗೋ ಬದುಕಿಕೊಳ್ಳುತ್ತವೆ ಎಂಬ ಸಮಾಧಾನ ಬೇರೆ. ಪಶುವೈದ್ಯರ ಆಸ್ಪತ್ರೆಗೂ ಅದೇ ಸೈಕಲ್ಲಿನಲ್ಲಿ ಹೋಗಬಹುದು.