ಇಬ್ಬರಿಗೆ ಒಂದೇ ಕೋಣೆ

(ಮಹಿಳಾ ವಿಭಾಗದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



"ಮನೆಯ ಅಲಂಕಾರದ ಬಗ್ಗೆ ನಾಲ್ಕು ಮಾತಾಡಿ" ಎಂದು ಕಾರ್ಯದರ್ಶಿಯವರು ಫೋನ್ ಮಾಡಿದಾಗ ಸಂತೋಷದಿಂದ ಒಪ್ಪಿಕೊಂಡೆ. 16 ವರ್ಷಗಳಿಂದ ಮುಂಬಯಿಯಲ್ಲಿ ಒಳಾಂಗಣ ವಿನ್ಯಾಸದ ಕೆಲಸ ಮಾಡುತ್ತಿದ್ದೇನೆ. ಆದರೆ ಪರದೆ, ಬಣ್ಣ, ಹೂದಾನಿಗಳ ಮಾತು ಇವತ್ತು ಬೇಡ ಅನ್ನಿಸಿತು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಇರುವ ಪ್ರಶ್ನೆಯೊಂದನ್ನು ಎತ್ತಿಕೊಳ್ಳುತ್ತೇನೆ. ಇಬ್ಬರು ಮಕ್ಕಳು, ಅವರಿಗೆ ಸಿಗುವುದು ಒಂದೇ ಸಣ್ಣ ಕೋಣೆ. ಅದನ್ನು ಹೇಗೆ ಜೋಡಿಸುವುದು? ಉಪದೇಶಕ್ಕೆ ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಊರವರ ಮನೆ ಜೋಡಿಸಿಕೊಟ್ಟು ಹಣ ಪಡೆಯುವ ನಾನು ನನ್ನ ಮಕ್ಕಳ ಕೋಣೆಯನ್ನೇ ಕೆಡಿಸಿಟ್ಟಿದ್ದೆ.

ಡೊಂಬಿವಲಿಯಲ್ಲಿ ನಮ್ಮದು ಎರಡು ಬೆಡ್‌ರೂಮಿನ ಮನೆ. ಒಂದು ನಮಗೆ, ಇನ್ನೊಂದು ಮಗಳಿಗೆ. ಅತ್ತೆಯವರು ಹಾಲಿನ ದಿವಾನದ ಮೇಲೆ ಮಲಗುತ್ತಾರೆ. ಮಗ ನಮ್ಮ ಜೊತೆ ಮಲಗುತ್ತಿದ್ದ. ಅವನಿಗೆ 4 ತುಂಬಿದಾಗ, "ಇನ್ನು ತಮ್ಮನೂ ನಿನ್ನ ಕೋಣೆಗೆ ಬರ್ತಾನೆ" ಎಂದು 9 ವರ್ಷದ ಮಗಳಿಗೆ ಹೇಳಿದೆ. ಗಮನಿಸಿ, ಕೇಳಲಿಲ್ಲ, ಹೇಳಿದೆ. ಅವಳು "ಹ್ಞೂಂ" ಅಂದಳು. ನಾನು ಕೆಲಸ ಶುರುಮಾಡಿದೆ.

ಕೋಣೆ 10 ಅಡಿಗೆ 10 ಅಡಿ. ಜಾಗ ಉಳಿಯಲಿ ಎಂದು ರೈಲಿನ ಬರ್ತಿನ ಹಾಗೆ ಒಂದರ ಮೇಲೊಂದು ಇರುವ ಬಂಕ್ ಬೆಡ್ ತಂದೆ. ಮೇಲಿನದು ಅಕ್ಕನಿಗೆ, ಕೆಳಗಿನದು ತಮ್ಮನಿಗೆ. ಕಿಟಕಿಗೆ ಅಂಟಿಸಿ ಇಬ್ಬರಿಗೂ ಸೇರಿ ಒಂದು ಉದ್ದನೆಯ ಓದುವ ಮೇಜು ಮಾಡಿಸಿದೆ. ಅರ್ಧ ಗೋಡೆ ಗುಲಾಬಿ, ಅರ್ಧ ಗೋಡೆ ನೀಲಿ. ಎಲ್ಲವೂ ಅಳತೆ ಹಿಡಿದು ಸಮಪಾಲು. ಫೋಟೋ ಹಾಕಿದ್ದನ್ನು ನೋಡಿ ಇಬ್ಬರು ಗಿರಾಕಿಗಳು "ನಮಗೂ ಹೀಗೇ ಬೇಕು" ಎಂದು ಫೋನ್ ಮಾಡಿದರು.

ಮೂರನೇ ರಾತ್ರಿ ಮಗಳು ದಿಂಬು ಹಿಡಿದುಕೊಂಡು ಹಾಲಿಗೆ ಬಂದಳು. ಅಜ್ಜಿಯ ದಿವಾನದ ಪಕ್ಕದಲ್ಲಿ ಚಾಪೆ ಹಾಸಿ ಮಲಗಿದಳು. ಮಾರನೆಯ ರಾತ್ರಿಯೂ ಅಷ್ಟೇ. ತಮ್ಮನ ಮೇಲೆ ಸಿಟ್ಟಿರಬೇಕು, ನಾಲ್ಕು ದಿನ ಕಳೆದರೆ ಸರಿಹೋಗುತ್ತದೆ ಅಂದುಕೊಂಡೆ.

ಸರಿಹೋಗುವ ಮೊದಲೇ ಇನ್ನೊಂದು ನಡೆಯಿತು. ಮೇಲಿನ ಬರ್ತು ಖಾಲಿ ಬಿದ್ದಿತ್ತಲ್ಲ, ಮಗ ಏಣಿ ಹತ್ತಿದ. ನಾನು ಅಡುಗೆಮನೆಯಲ್ಲಿದ್ದೆ. ಮಡಿಸಿದ ಬಟ್ಟೆ ಇಡಲು ಅತ್ತೆಯವರು ಒಳಗೆ ಹೋದಾಗ ಅವನು ಮೇಲೆ ಮಂಡಿಯೂರಿ ಕುಳಿತು, ತಿರುಗುತ್ತಿರುವ ಫ್ಯಾನಿನ ಕಡೆ ಕೈ ಚಾಚುತ್ತಿದ್ದನಂತೆ. ಅವರು ಕೂಗಲಿಲ್ಲ. ಕೂಗಿದ್ದರೆ ಹುಡುಗ ಬೆಚ್ಚಿಬೀಳುತ್ತಿದ್ದ. ಸ್ವಿಚ್ ಆರಿಸಿ, ಹೋಗಿ ಎತ್ತಿಕೊಂಡರು. ಅವರು ನಡುಗುತ್ತಿದ್ದುದನ್ನು ನಾನು ನೋಡಿದ್ದು ಆಮೇಲೆ.

ಆ ಸಂಜೆ ಟೇಪ್ ಹಿಡಿದು ಅಳೆದೆ. ನಮ್ಮ ಸೂರಿನ ಎತ್ತರ 9 ಅಡಿ. ಫ್ಯಾನಿನ ರೆಕ್ಕೆ ನೆಲದಿಂದ 8 ಅಡಿ. ಮೇಲಿನ ಹಾಸಿಗೆ ಐದೂವರೆ ಅಡಿ ಎತ್ತರದಲ್ಲಿ. ಮಂಡಿಯೂರಿ ಕೈ ಎತ್ತಿದ 4 ವರ್ಷದ ಮಗುವಿಗೆ ಉಳಿದ ಎರಡೂವರೆ ಅಡಿ ಏನೇನೂ ಅಲ್ಲ. ಅಡ್ಡಳತೆಯೂ ಹಾಗೆಯೇ. ಸಾಮಾನ್ಯ ಸೀಲಿಂಗ್ ಫ್ಯಾನಿನ ರೆಕ್ಕೆಗಳ ವ್ಯಾಸ 1200 ಮಿಲಿಮೀಟರ್, ಅಂದರೆ ಸುಮಾರು 4 ಅಡಿ ಅಡ್ಡ. 10 ಅಡಿ ಕೋಣೆಯ ನಟ್ಟನಡುವೆ ಅದು ತಿರುಗಿದರೆ ರೆಕ್ಕೆಯ ತುದಿ ಗೋಡೆಯಿಂದ 3 ಅಡಿಗೆ ಬರುತ್ತದೆ. ಮಂಚದ ಅಗಲ ಎಷ್ಟು? 3 ಅಡಿ. ಹಾಸಿಗೆಯ ಅಂಚು ಮತ್ತು ರೆಕ್ಕೆಯ ತುದಿ ಒಂದೇ ಗೆರೆಯಲ್ಲಿ! ಕಾಗದದ ಮೇಲೆ ನಾನೇ ನಕ್ಷೆ ಬರೆದಿದ್ದೆ, ಆದರೆ ನಕ್ಷೆಯಲ್ಲಿ ಫ್ಯಾನ್ ಬರೆದಿರಲಿಲ್ಲ.

ಆ ರಾತ್ರಿ ಅತ್ತೆಯವರು ಬೈಯಲಿಲ್ಲ. ಒಂದೇ ಮಾತು ಹೇಳಿದರು: "ಖೋಲಿ ಭಾಳ ಛಂದ ಆಗೇದವ್ವಾ. ಆದ್ರ ಅದರಾಗ ಆಕೀದು ಅನ್ನೋದು ಏನದ?"

ಆ ಮಾತು ನನ್ನನ್ನು ಧಾರವಾಡಕ್ಕೆ ಕರೆದುಕೊಂಡು ಹೋಯಿತು. ನಾವು ನಾಲ್ವರು ಮಕ್ಕಳು. ಪಡಸಾಲೆಯಲ್ಲಿ ಸಾಲಾಗಿ ಹಾಸಿಗೆ. ಯಾರ ಹೊದಿಕೆ ಯಾರ ಮೇಲಿದೆ ಎಂಬುದು ಬೆಳಿಗ್ಗೆಯೇ ಗೊತ್ತಾಗುತ್ತಿತ್ತು. ನಮಗೆ ಕೋಣೆ ಇರಲಿಲ್ಲ. ಆದರೆ ಒಬ್ಬೊಬ್ಬರಿಗೂ ಒಂದೊಂದು ತಗಡಿನ ಟ್ರಂಕು ಇತ್ತು. ನನ್ನ ಟ್ರಂಕನ್ನು ಅಮ್ಮ ಕೂಡ ನನ್ನನ್ನು ಕೇಳದೆ ತೆಗೆಯುತ್ತಿರಲಿಲ್ಲ. ನನ್ನ ಮಗಳಿಗೆ ಅರ್ಧ ಗೋಡೆ ಕೊಟ್ಟಿದ್ದೆ, ಅರ್ಧ ಮೇಜು ಕೊಟ್ಟಿದ್ದೆ, ಟ್ರಂಕು ಮಾತ್ರ ಕೊಟ್ಟಿರಲಿಲ್ಲ.

ಮರುದಿನ ಇಬ್ಬರನ್ನೂ ಬೇರೆ ಬೇರೆಯಾಗಿ ಕೂಡಿಸಿಕೊಂಡು ಕೇಳಿದೆ: "ನಿನಗೆ ಕೋಣೆಯಲ್ಲಿ ಏನು ಬೇಕು?" ಮಗಳು ಹೇಳಿದಳು: "ಅವನ ಕೈಗೆ ಸಿಗದ ಒಂದು ಜಾಗ. ಮತ್ತೆ ನನ್ನ ಕಿಟಕಿ." ಅವಳು ಮೊದಲು ಕಿಟಕಿಯ ಕಟ್ಟೆಯ ಮೇಲೆ ಕಾಲು ಮಡಚಿ ಕುಳಿತು ಓದುತ್ತಿದ್ದಳು. ನಾನು ಮಾಡಿಸಿದ ಮೇಜು ಆ ಕಟ್ಟೆಯನ್ನು ನುಂಗಿತ್ತು. ಮಗನನ್ನು ಕೇಳಿದರೆ ಅವನದು ಒಂದೇ ಉತ್ತರ: "ಅಕ್ಕನ ಹತ್ರ ಮಲಗ್ಬೇಕು." ಒಬ್ಬಳಿಗೆ ದೂರ ಬೇಕು, ಇನ್ನೊಬ್ಬನಿಗೆ ಹತ್ತಿರ ಬೇಕು. ಮಕ್ಕಳ ಕೋಣೆಯ ವಿನ್ಯಾಸ ಅಂದರೆ ಇದೇ, ತಾಯಂದಿರೇ. ಬಣ್ಣ ಆಮೇಲಿನ ಮಾತು.

ಮತ್ತೆ ಮಾಡಿದ್ದು ಹೀಗೆ. ಹಳೆಯ ಪೇಪರುಗಳನ್ನು ಅಂಟಿಸಿ ಮಂಚ, ಕಪಾಟು, ಮೇಜಿನ ಅಳತೆಗೆ ಕತ್ತರಿಸಿ ನೆಲದ ಮೇಲೆ ಹಾಸಿದೆವು. ಮಕ್ಕಳೇ ಎಳೆದಾಡಿ ಜಾಗ ಬದಲಿಸಿದರು. ಎರಡು ದಿನ ಪೇಪರಿನ ನಡುವೆಯೇ ಓಡಾಡಿದೆವು. ಬಾಗಿಲು ಎಲ್ಲಿ ತಾಗುತ್ತದೆ, ಕಪಾಟಿನ ಕದ ತೆಗೆದರೆ ಯಾರಿಗೆ ಅಡ್ಡ ಬರುತ್ತದೆ ಎಂಬುದು ಖರ್ಚಿಲ್ಲದೆ ತಿಳಿಯಿತು. ಆಮೇಲೆ ಕಾರ್ಪೆಂಟರ್ ಬಂದು ಬಂಕ್ ಬೆಡ್ ಬಿಚ್ಚಿ ಎರಡು ತಗ್ಗಿನ ಮಂಚ ಮಾಡಿದ. ಎದುರುಬದುರು ಇಡಲಿಲ್ಲ. ಮೂಲೆಯಲ್ಲಿ ಎರಡು ಗೋಡೆಗಳಿಗೆ ಸೇರಿಸಿ, ಇಬ್ಬರ ತಲೆಯೂ ಹತ್ತಿರ ಬರುವಂತೆ ಇಟ್ಟೆವು. ನಡುವೆ 12 ಇಂಚು ಎತ್ತರದ ಒಂದು ಹಲಗೆ. ತಮ್ಮನಿಗೆ ಅಕ್ಕನ ದನಿ ಕೇಳುತ್ತದೆ, ಅಕ್ಕನಿಗೆ ತಮ್ಮನ ಕಾಲು ತಾಗುವುದಿಲ್ಲ. ಆಡಲು 7 ಅಡಿಗೆ 7 ಅಡಿ ನೆಲ ಉಳಿಯಿತು. ಮೇಜು ಕಿಟಕಿಯಿಂದ ಸರಿಯಿತು, ಕಟ್ಟೆ ಅವಳಿಗೆ ಮರಳಿ ಸಿಕ್ಕಿತು. ಅವಳ ಕೈಗೆಟಕುವ, ಅವನ ಕೈಗೆಟಕದ ಎತ್ತರದಲ್ಲಿ ಕದವಿರುವ ಒಂದು ಪುಟ್ಟ ಗೂಡು, ಅದಕ್ಕೊಂದು ಬೀಗ. ಅವನು ಕುರ್ಚಿ ಹತ್ತುವವನಾದ್ದರಿಂದ ಬೀಗ ಬೇಕೇ ಬೇಕಾಯಿತು! ಅವನಿಗೂ ಮಂಚದ ಕೆಳಗೆ ಅವನದೇ ಒಂದು ಡ್ರಾಯರ್. ಹೊಸದಾಗಿ ಕೊಂಡದ್ದು ಅಂದರೆ ಒಂದಿಷ್ಟು ಪ್ಲೈವುಡ್ ಮತ್ತು ಒಂದು ಬೀಗ.

ಅವಳು ಆ ರಾತ್ರಿಯೇ ಒಳಗೆ ಹೋಗಿ ಮಲಗಿದಳು ಎಂದು ಹೇಳಿದರೆ ಸುಳ್ಳಾಗುತ್ತದೆ. ಒಂದು ವಾರ ಹಿಡಿಯಿತು.

ನಿಮ್ಮ ಮನೆಗೆ ಉಪಯೋಗವಾಗುವ ಕೆಲವು ಮಾತುಗಳನ್ನು ಹೇಳುತ್ತೇನೆ. 6 ವರ್ಷದೊಳಗಿನ ಮಗುವನ್ನು ಬಂಕ್ ಬೆಡ್ಡಿನ ಮೇಲಿನ ಬರ್ತಿನಲ್ಲಿ ಮಲಗಿಸಬೇಡಿ. ದೊಡ್ಡ ಮಗುವಿಗಾದರೂ ಮೇಲಿನ ಕಟಕಟೆ ಹಾಸಿಗೆಯ ಮೇಲ್ಮೈಯಿಂದ ಕನಿಷ್ಠ 5 ಇಂಚು ಎತ್ತರವಿರಬೇಕು. ಮೆತ್ತಗಿರಲಿ ಎಂದು ದಪ್ಪ ಹಾಸಿಗೆ ಹಾಕಿದರೆ ಕಟಕಟೆ ಇದ್ದೂ ಇಲ್ಲದಂತೆ. ಮಕ್ಕಳ ಕೋಣೆಯ ಕಪಾಟು ಎಷ್ಟೇ ಭಾರವಿರಲಿ, ಗೋಡೆಗೆ ಸ್ಕ್ರೂ ಹಾಕಿ ಬಿಗಿಸಿ. ತೆರೆದ ಡ್ರಾಯರುಗಳನ್ನು ಮಕ್ಕಳು ಮೆಟ್ಟಿಲು ಮಾಡಿಕೊಂಡು ಹತ್ತುತ್ತಾರೆ, ಆಗ ಕಪಾಟು ಅವರ ಮೇಲೆಯೇ ಬೀಳುತ್ತದೆ. ಕಿಟಕಿಯ ಗ್ರಿಲ್ಲಿನ ಸರಳುಗಳ ನಡುವೆ 4 ಇಂಚಿಗಿಂತ ಹೆಚ್ಚು ಅಂತರ ಬೇಡ. ನಮ್ಮ ಮುಂಬಯಿ ಮಳೆ ನಿಮಗೆ ಗೊತ್ತೇ ಇದೆ. ನೀರು ಜಿನುಗುವ ಹೊರಗೋಡೆಗೆ ಕಪಾಟನ್ನಾಗಲಿ ಮಂಚದ ತಲೆಯನ್ನಾಗಲಿ ಅಂಟಿಸಬೇಡಿ. ಆಗಸ್ಟಿನ ಹೊತ್ತಿಗೆ ಬಟ್ಟೆಗೂ ಬೂಷ್ಟು, ಮಕ್ಕಳಿಗೂ ಕೆಮ್ಮು.

ಬೆಳಕಿನ ಜಗಳ ಇನ್ನೊಂದು. ಚಿಕ್ಕವನು ಎಂಟೂವರೆಗೆ ಮಲಗಬೇಕು, ದೊಡ್ಡವಳು ಒಂಬತ್ತೂವರೆವರೆಗೆ ಓದಬೇಕು. ಕೋಣೆಗೆ ಒಂದೇ ಟ್ಯೂಬ್‌ಲೈಟ್ ಇದ್ದರೆ ಇಬ್ಬರಲ್ಲಿ ಒಬ್ಬರು ಸೋಲುತ್ತಾರೆ. ಅವಳ ತಲೆಯ ಬಳಿ ಗೋಡೆಯ ಕಡೆ ಬೆಳಕು ಬೀಳುವ ಒಂದು ಸಣ್ಣ ದೀಪ, ಅದರ ಸ್ವಿಚ್ ಅವಳ ಕೈಗೆ ಸಿಗುವಂತೆ. ಅಷ್ಟು ಸಾಕು.

"ಹುಡುಗ, ಹುಡುಗಿ ಒಂದೇ ಕೋಣೆಯಲ್ಲಿ ಎಷ್ಟು ವರ್ಷ?" ಎಂದು ನೀವು ಖಂಡಿತ ಕೇಳುತ್ತೀರಿ. ಈಗ ನನ್ನ ಮಗಳಿಗೆ 13, ಮಗನಿಗೆ 8. ಅವಳು ಹತ್ತು ದಾಟುತ್ತಿದ್ದಂತೆ ಸೂರಿಗೆ ಒಂದು ರೈಲು ಹಾಕಿಸಿ ಪರದೆ ಕಟ್ಟಿದೆವು. ಬಾಗಿಲು ತಟ್ಟಿಯೇ ಒಳಗೆ ಬರಬೇಕು ಎಂಬ ನಿಯಮ ಮಾಡಿದೆವು. ಅದು ತಮ್ಮನಿಗೆ ಮಾತ್ರವಲ್ಲ, ನನಗೂ ಅವರಪ್ಪನಿಗೂ. ಮುಂದಿನ ವರ್ಷ ಅಜ್ಜಿ ಮೊಮ್ಮಗಳ ಕೋಣೆಗೆ, ಮೊಮ್ಮಗ ಹಾಲಿನ ದಿವಾನಕ್ಕೆ. ಮೂವರೂ ಒಪ್ಪಿದ್ದಾರೆ. ಆದ್ದರಿಂದಲೇ ಹೇಳುತ್ತೇನೆ, ಮಕ್ಕಳ ಕೋಣೆಯಲ್ಲಿ ಗೋಡೆಗೆ ಹುದುಗಿಸಿದ ಮಂಚ, ಕಾರ್ಟೂನಿನ ಕಪಾಟು ಇವಕ್ಕೆ ಲಕ್ಷಗಟ್ಟಲೆ ಸುರಿಯಬೇಡಿ. ಮಕ್ಕಳು ಬೆಳೆಯುತ್ತಾರೆ, ಸಾಮಾನು ಸರಿಯುವಂತಿರಬೇಕು.

ಒಂದೇ ಬೆಡ್‌ರೂಮಿನ ಮನೆಯವರು, "ನಮಗೆ ಕೋಣೆಯೇ ಇಲ್ಲವಲ್ಲ" ಎಂದು ಬೇಸರಪಡಬೇಡಿ. ಹಾಲಿನ ಕಪಾಟಿನಲ್ಲಿ ಒಂದೊಂದು ಮಗುವಿಗೆ ಒಂದೊಂದು ಅರೆ ಕೊಡಿ. ಆ ಅರೆಯನ್ನು ಕೇಳದೆ ಮುಟ್ಟಬೇಡಿ. ಸ್ವಚ್ಛ ಮಾಡುವುದಕ್ಕೂ ಮುಟ್ಟಬೇಡಿ, ಅದು ನಮಗೆಲ್ಲ ಬಹಳ ಕಷ್ಟ ಎಂದು ಗೊತ್ತು! ತನ್ನದು ಅನ್ನುವುದು ಇರುವ ಮಗು ಉಳಿದದ್ದನ್ನು ಹಂಚಿಕೊಳ್ಳಲು ಅಷ್ಟು ಹೆದರುವುದಿಲ್ಲ. ಇದು ನನ್ನ ಮನೆಯಲ್ಲಿ ಕಂಡದ್ದು.

ಈಗ ರಾತ್ರಿ ಆ ಕೋಣೆಯ ದೀಪ ಆರಿದ ಮೇಲೂ ಮಾತು ಕೇಳುತ್ತಿರುತ್ತದೆ. ಹಗಲಿಡೀ ಶಾಲೆಯಲ್ಲಿ ಇಂಗ್ಲಿಷ್, ಕೆಳಗೆ ಆಟದಲ್ಲಿ ಮರಾಠಿ, ಹಿಂದಿ. ಕತ್ತಲಲ್ಲಿ ಮಾತ್ರ ಅಕ್ಕ ಅಜ್ಜಿಯಿಂದ ಕೇಳಿದ ಕಥೆಯನ್ನು ಅರ್ಧ ಧಾರವಾಡದ, ಅರ್ಧ ಡೊಂಬಿವಲಿಯ ಕನ್ನಡದಲ್ಲಿ ತಮ್ಮನಿಗೆ ಹೇಳುತ್ತಾಳೆ. ಅವನು "ಆಮೇಲೆ?" ಅನ್ನುತ್ತಾನೆ. ಬೇರೆ ಬೇರೆ ಕೋಣೆ ಕೊಡುವಷ್ಟು ದೊಡ್ಡ ಮನೆ ನಮಗಿದ್ದಿದ್ದರೆ ನನಗೆ ಇದು ಕೇಳಿಸುತ್ತಿರಲಿಲ್ಲ.

ಇವತ್ತು ಮನೆಗೆ ಹೋದ ಮೇಲೆ ನಿಮ್ಮ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂಡಿಸಿಕೊಂಡು "ನಿನಗೆ ಏನು ಬೇಕು?" ಎಂದು ಕೇಳಿ. ಟೇಪನ್ನು ಆಮೇಲೆ ಹಿಡಿಯಿರಿ. ಹಿಡಿದಾಗ ಮಾತ್ರ ಫ್ಯಾನ್ ಮರೆಯಬೇಡಿ.